ಒದ್ದೆ ಬಲೆ

“ಬುದ್ಧಿ, ನಾಳೆ ಬರುವವರಿಗೆ ಉಳಿಸಿ ಎನ್ನುತ್ತೀರಿ. ನಾವು ಉಳಿಸಿದ್ದನ್ನು ಪಕ್ಕದವನು ಹೊತ್ತುಕೊಂಡು ಹೋದರೆ? ಆಗ ಉಳಿಸಿದವನೇ ದಡ್ಡನಾಗಲಿಲ್ಲವೇ?”

ಕೇಳಿದವನು ಮರಿದೇವ. ಮಠದ ಹೊಂಗೆತೋಪನ್ನು ನೋಡಿಕೊಳ್ಳುವ ಶಿಷ್ಯ. ತೋಪಿನ ಕಟ್ಟುಪಾಡು ಹಳೆಯದು. ಸುತ್ತಲಿನ ಊರಿನವರು ಸೊಪ್ಪು ಸವರಿಕೊಳ್ಳಬಹುದು, ಉದುರಿದ ಕಾಯಿ ಆರಿಸಿಕೊಳ್ಳಬಹುದು, ಒಣಗಿದ ಕೊಂಬೆ ಮುರಿದುಕೊಳ್ಳಬಹುದು. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಆ ದಿನ ಬೆಳಿಗ್ಗೆ ತೋಪಿನ ಮೂಲೆಯಲ್ಲಿ ಮರಿದೇವನಿಗೆ ಹಸಿ ಚಕ್ಕೆಗಳು ಕಂಡಿದ್ದವು. ಇದು ಕುಂಬಾರರ ಕೇರಿಯವರದೇ ಕೆಲಸ ಎಂದು ಅವನು ನಿಂತಲ್ಲೇ ತೀರ್ಮಾನಿಸಿದ್ದ. ಅಲ್ಲಿಂದ ನೇರವಾಗಿ ಗುರುಗಳ ಬಳಿಗೆ ಬಂದಿದ್ದ. ಬರುವಾಗ ಕೊಡಲಿಯನ್ನೂ ತಂದಿದ್ದ.

“ಅಪ್ಪಣೆ ಕೊಡಿ ಬುದ್ಧಿ. ಬೆಳೆದ ಮರಗಳನ್ನೆಲ್ಲ ನಾವೇ ಕಡಿದು ಮಠದ ಉಗ್ರಾಣಕ್ಕೆ ಸೇರಿಸಿಬಿಡೋಣ. ಕಳ್ಳರ ಪಾಲಾಗುವುದಕ್ಕಿಂತ ಅದು ವಾಸಿ.”

ಗುರುಗಳು ಅವನನ್ನೂ ನೋಡಿದರು, ಕೊಡಲಿಯನ್ನೂ ನೋಡಿದರು. “ಅದನ್ನು ಕೆಳಗಿಟ್ಟು ಕೂತುಕೋ ಮಾರಾಯ. ಕೊಡಲಿ ಹಿಡಿದು ನಿಂತವನಿಗೆ ಕತೆ ಹೇಳುವಷ್ಟು ಧೈರ್ಯ ನನಗಿಲ್ಲ,” ಎಂದರು. ಮರಿದೇವ ಕೂತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಬೆಸ್ತರ ಊರು. ಊರಿನ ಕೆಳಗೆ, ಹೊಳೆ ತಿರುಗುವ ಕಡೆ, ಒಂದು ಮಡು. ಬೇಸಿಗೆಯಲ್ಲಿ ಹೊಳೆ ಸೊರಗಿ ಬಂಡೆಗಳು ಎದ್ದಾಗಲೂ ಆ ಮಡುವಿನಲ್ಲಿ ಆಳುದ್ದ ನೀರಿರುತ್ತಿತ್ತು. ಹೊಳೆಯ ಮೀನೆಲ್ಲ ಅಲ್ಲಿಗೆ ಬಂದು ಸೇರಿಕೊಳ್ಳುತ್ತಿತ್ತು. ಮುಂಗಾರಿನ ಹೊಸನೀರು ಬಂದಾಗ ಅವೇ ಮೀನುಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊಳೆ ಹತ್ತಿ ಹೋಗುತ್ತಿದ್ದವು. ಮುಂದಿನ ಬೇಸಿಗೆಯವರೆಗೂ ಊರು ಉಣ್ಣುತ್ತಿದ್ದದ್ದು ಅವುಗಳ ಮರಿಗಳನ್ನೇ. ಆದ್ದರಿಂದ ಬೇಸಿಗೆಯಲ್ಲಿ ಮಡುವಿಗೆ ಬಲೆ ಹಾಕುವಂತಿಲ್ಲ ಎಂದು ಹಿರಿಯರು ಕಟ್ಟು ಮಾಡಿದ್ದರು.

ಹಿರಿಯರೇನು ಸಾಧುಗಳು ಎಂದುಕೊಳ್ಳಬೇಡ. ಅವರೂ ನಿನ್ನಂಥವರೇ, ಒಬ್ಬರನ್ನೊಬ್ಬರು ನಂಬದವರು. ಅದು ತಮಗೇ ಗೊತ್ತಿದ್ದರಿಂದ ಒಂದು ಉಪಾಯ ಮಾಡಿದ್ದರು. ಹೊಳೆ ಸೊರಗಿದ ಕೂಡಲೇ ಪ್ರತಿ ಮನೆಯವರೂ ತಮ್ಮ ಬೀಸುಬಲೆಯನ್ನು ತಂದು ಗಂಗಮ್ಮನ ಗುಡಿಯ ಮುಂದಿನ ತೊಲೆಗೆ ನೇತುಹಾಕಬೇಕು. ಹೊಸನೀರು ಬಂದು ಮೀನು ಹತ್ತಿ ಹೋದ ಮೇಲೆ ಎಲ್ಲರೂ ಒಟ್ಟಿಗೆ ಇಳಿಸಿಕೊಳ್ಳಬೇಕು. ನಡುವೆ ಒಬ್ಬನೇ ಹೋಗಿ ಬಲೆ ಮುಟ್ಟುವಂತಿಲ್ಲ. ಹೋಗುವವರು ಬರುವವರು ತೊಲೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಮಡು ಕ್ಷೇಮವಾಗಿದೆ ಎಂದು ತಿಳಿಯುತ್ತಿತ್ತು. ಕಾವಲಿನವನೇ ಬೇಕಿರಲಿಲ್ಲ. ಬೇಸಿಗೆಯಲ್ಲಿ ಅವರು ಬುಟ್ಟಿ ಹೆಣೆದು, ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆದು, ಸೊಪ್ಪುಸಾರಿನಲ್ಲಿ ಮುದ್ದೆ ನುಂಗಿ ದಿನ ತಳ್ಳುತ್ತಿದ್ದರು. ಗೊಣಗುತ್ತಲೇ ತಳ್ಳುತ್ತಿದ್ದರು.

ಆ ಊರಿನಲ್ಲಿ ಜವರಯ್ಯ ಎಂಬ ಬೆಸ್ತನಿದ್ದ. ಅವನ ತಂಗಿಯನ್ನು ಮುದ್ದಯ್ಯ ಎಂಬವನು ಮದುವೆಯಾಗಿದ್ದ. ಭಾವ ಮೈದುನರಿಬ್ಬರಿಗೂ ಸೇರಿ ಒಂದು ಹರಿಗೋಲು. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಬೀಸಬೇಕು. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಮದುವೆಯಾದಂದಿನಿಂದ ಅವರು ಹಾಗೆಯೇ ದುಡಿದು ಹಾಗೆಯೇ ಹಂಚಿಕೊಂಡು ಉಂಡಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಮುದ್ದಯ್ಯ ಗುಡಿಯ ಮುಂದೆ ಹೋಗುತ್ತಿದ್ದ. ತೊಲೆಯ ಮೇಲಿನ ಬಲೆಗಳೆಲ್ಲ ಒಣಗಿ ಗರಿಗರಿಯಾಗಿದ್ದವು. ಒಂದು ಬಲೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಅದು ಜವರಯ್ಯನ ಬಲೆ.

ಮುದ್ದಯ್ಯ ಭಾವನ ಮನೆಗೆ ಹೋದ. “ಭಾವ, ನಿನ್ನ ಬಲೆ ಯಾಕೆ ಒದ್ದೆಯಾಗಿದೆ?”

“ಈ ಸಲ ತೊಗಟೆ ನೀರಿಗೆ ಅದ್ದೋದು ಮರೆತುಬಿಟ್ಟಿದ್ದೆ ಕಣೋ. ನೂಲು ಕೊಳೆತೀತು ಅಂತ ನಿನ್ನೆ ಸಂಜೆ ಇಳಿಸಿ, ಅದ್ದಿ, ಮತ್ತೆ ನೇತುಹಾಕಿದೆ.”

“ಯಾರಿಗೂ ಹೇಳದೆ?”

“ಬಲೆ ಅದ್ದೋದಕ್ಕೂ ಊರು ಕೂಡಿಸಬೇಕೇನೋ?”

ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿದರೆ ನೂಲು ಬಾಳಿಕೆ ಬರುತ್ತದೆ. ಬೆಸ್ತರೆಲ್ಲ ಮಾಡುವ ಕೆಲಸವೇ. ಆದರೆ ಮುದ್ದಯ್ಯನ ತಲೆಯಲ್ಲಿ ಹುಳ ಹೊಕ್ಕಿತ್ತು. ಅವನು ಮತ್ತೆ ಗುಡಿಗೆ ಹೋಗಿ ಬಲೆಯನ್ನು ಮೂಸಿ ನೋಡಿದ. ಮೀನಿನ ವಾಸನೆ ಬಂತು. ಅಯ್ಯೋ ಶಿವನೇ, ಬೆಸ್ತನ ಬಲೆ ಮೀನು ನಾರದೆ ಮಲ್ಲಿಗೆ ನಾರುತ್ತದೆಯೇ? ಅವನಿಗೆ ಅಷ್ಟೇ ಸಾಕಾಯಿತು. ಊರ ಯಜಮಾನನ ಮನೆಗೆ ಹೋಗಿ, ಮಡುವಿಗೆ ಬಲೆ ಬಿದ್ದಿದೆ ಎಂದುಬಿಟ್ಟ.

ಇಲ್ಲಿ ಮರಿದೇವ ಬಾಯಿ ಹಾಕಿದ. “ಜವರಯ್ಯನದೂ ತಪ್ಪಿದೆ ಬುದ್ಧಿ. ಯಾರಿಗೂ ಹೇಳದೆ ಬಲೆ ಇಳಿಸಬಾರದಾಗಿತ್ತು.”

“ಇದೆ. ಇಲ್ಲ ಎಂದೆನೇನೋ? ನಾಲ್ಕು ಜನರ ಮುಂದೆ ಗದರಿಸಿ, ಗುಡಿಯ ದೀಪಕ್ಕೆ ಒಂದು ಗಿಂಡಿ ಎಣ್ಣೆ ಹಾಕಿಸಿದ್ದರೆ ಆ ತಪ್ಪು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರಿಗೆ ತಪ್ಪು ಸಾಲಲಿಲ್ಲ. ಕಳ್ಳ ಬೇಕಾಗಿದ್ದ. ಸುಮ್ಮನೆ ಕೇಳು,” ಎಂದು ಗುರುಗಳು ಮುಂದುವರಿಸಿದರು.

ಯಜಮಾನ ಜವರಯ್ಯನನ್ನು ಕರೆಸಿದ. ಜವರಯ್ಯ ತೊಗಟೆ ನೀರಿನ ಮಾತನ್ನೇ ಮತ್ತೆ ಹೇಳಿದ. ಸುತ್ತ ನಿಂತವರು ಒಬ್ಬರನ್ನೊಬ್ಬರು ನೋಡಿ ಹುಬ್ಬು ಹಾರಿಸಿದರು. ಅದನ್ನು ಕಂಡು ಜವರಯ್ಯನಿಗೆ ಸಿಟ್ಟು ನೆತ್ತಿಗೇರಿತು. “ಗಂಗಮ್ಮನಾಣೆ, ನಾನು ಮಡುವಿಗೆ ಬಲೆ ಹಾಕಿಲ್ಲ. ನಂಬಿಕೆ ಇಲ್ಲದಿದ್ದರೆ ಹೋಗಿ ಮಡುವನ್ನೇ ನೋಡಿಕೊಳ್ಳಿ!” ಎಂದ.

ಯಜಮಾನನಿಗೆ ಅದು ಸರಿ ಎನಿಸಿತು. ಒಂದೇ ಒಂದು ಸಲ ಬಲೆ ಬೀಸಿ ನೋಡುವುದು. ಮೀನು ಎಂದಿನಷ್ಟೇ ಇದ್ದರೆ ಜವರಯ್ಯ ಸತ್ಯವಂತ, ಕಡಿಮೆಯಿದ್ದರೆ ಕಳ್ಳ. ನೋಡಿದ ಮೇಲೆ ಮೀನನ್ನು ಮಡುವಿಗೇ ಬಿಡುವುದು. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ ನೋಡು!

ಬೀಸಿದರು. ಬಲೆ ಎಳೆದು ದಂಡೆಗೆ ತಂದರು. ಮೀನು ಬಿದ್ದಿತ್ತು. ಆಮೇಲೆ ಮುಖ ಮುಖ ನೋಡಿಕೊಂಡರು. ಎಂದಿನಷ್ಟು ಎಂದರೆ ಎಷ್ಟು? ಬೇಸಿಗೆಯಲ್ಲಿ ಆ ಮಡುವಿಗೆ ಬಲೆ ಬೀಸಿದವರು ಯಾರಿದ್ದರು? ಬೀಸಿದ್ದರೆ ತಾನೇ ಗೊತ್ತಾಗುವುದು! ಒಬ್ಬ ಸಾಕಷ್ಟಿದೆ ಎಂದ. ಒಬ್ಬ ಇಷ್ಟೇನಾ ಎಂದ. ಇನ್ನೊಬ್ಬ, ಸಾಕಷ್ಟಿದೆ ಎಂದವನ ಮುಖವನ್ನೇ ದಿಟ್ಟಿಸಿ ನೋಡಿದ. ಅವರ ವಾದ ಮುಗಿಯುವಷ್ಟರಲ್ಲಿ ಮೀನುಗಳು ಬಿಸಿಲಿಗೆ ಸತ್ತಿದ್ದವು. ಅವುಗಳ ಹೊಟ್ಟೆ ಮೊಟ್ಟೆಯಿಂದ ಬಿಗಿದುಕೊಂಡಿತ್ತು. ಸತ್ತದ್ದನ್ನು ನೀರಿಗೆ ಬಿಟ್ಟು ಏನು ಮಾಡುವುದು ಎಂದು ಬಂದವರು ಹಂಚಿಕೊಂಡು ಮನೆಗೆ ಒಯ್ದರು.

ಮಧ್ಯಾಹ್ನ ಯಜಮಾನನ ಮನೆಯಿದ್ದ ಮೇಲಿನ ಕೇರಿಯಲ್ಲಿ ಮೀನುಸಾರಿನ ಘಮ ಎದ್ದಿತು. ಕೆಳಗಿನ ಕೇರಿಯವರಿಗೆ ಪರೀಕ್ಷೆಯ ಸಂಗತಿ ಗೊತ್ತಿರಲಿಲ್ಲ. ಘಮ ಮಾತ್ರ ಗೊತ್ತಾಯಿತು. ಬೇಸಿಗೆಯಲ್ಲಿ ಯಜಮಾನನ ಮನೆಯಲ್ಲಿ ಮೀನಂತೆ ಎಂದು ಗುಂಪು ಕಟ್ಟಿಕೊಂಡು ಬಂದರು. ಪರೀಕ್ಷೆ ಮಾಡಿದೆವು ಎಂದ ಯಜಮಾನ. “ಓಹೋ, ಪರೀಕ್ಷೆಯೋ! ಹಾಗಾದರೆ ನಾವೂ ಒಂದು ಸಲ ಮಾಡುತ್ತೇವೆ ಬಿಡಿ” ಎಂದು ಅವರೂ ತೊಲೆಯಿಂದ ಬಲೆ ಇಳಿಸಿದರು. ಅವರ ಪರೀಕ್ಷೆಯನ್ನು ಮೇಲಿನ ಕೇರಿಯವರು ನಂಬಲಿಲ್ಲ. ಆಮೇಲೆ ಮನೆಮನೆಗೂ ಒಂದೊಂದು ಪರೀಕ್ಷೆ. ನಾವು ಮೀನು ಹಿಡಿಯುತ್ತಿದ್ದೇವೆ ಎಂದು ಯಾರೂ ಹೇಳಲಿಲ್ಲ. ಕಳ್ಳನ ಪಾಲಾಗುವ ಬದಲು ನಮ್ಮ ಪಾಲನ್ನು ಜೋಪಾನ ಮಾಡುತ್ತಿದ್ದೇವೆ ಎಂದರು. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೇ ಮರಿದೇವ? ಇರಲಿ.

ತೊಲೆ ಹೆಚ್ಚುಕಡಿಮೆ ಖಾಲಿಯಾದದ್ದನ್ನು ಕಂಡು ಯಜಮಾನನಿಗೆ ದಿಗಿಲಾಯಿತು. ಆಗಿದ್ದು ಆಯಿತು, ಬಲೆಗಳನ್ನು ಮತ್ತೆ ನೇತುಹಾಕಿ ಎಂದು ಡಂಗುರ ಸಾರಿಸಿದ. ಎಲ್ಲರೂ ಒಪ್ಪಿದರು. ಎಲ್ಲರೂ ಮೊದಲು ಪಕ್ಕದವನು ಹಾಕಲಿ ಎಂದರು. ಕೊನೆಗೆ ಕೆಲವರು ತಂದು ಹಾಕಿದರು. ಹಾಕಿದ ಬಲೆಯನ್ನು ಉಳಿದವರು ಹತ್ತಿರ ಹೋಗಿ ಬೆರಳಲ್ಲಿ ಎಳೆದು ನೋಡಿದರು. “ಹರಕು ಬಲೆ ಇಲ್ಲಿ ಹಾಕಿ, ಒಳ್ಳೆಯದನ್ನು ಅಟ್ಟದ ಮೇಲೆ ಇಟ್ಟಿದ್ದಾನೆ” ಎಂದರು. ಹಾಕಿದವನಿಗೆ ಅವಮಾನವಾಯಿತು. ಬಲೆಯನ್ನು ಕಿತ್ತುಕೊಂಡು ಹೋಗಿ ನೆಟ್ಟಗೆ ಮಡುವಿಗೇ ಬೀಸಿದ.

ಊರಿಗೆಲ್ಲ ಜವರಯ್ಯನೊಬ್ಬ ಬಲೆ ಮುಟ್ಟಲಿಲ್ಲ. ಜಗಲಿಯ ಮೇಲೆ ಕೂತೇ ಇರುತ್ತಿದ್ದ. ಒಡಹುಟ್ಟಿದ ತಂಗಿಯೂ ಅವನ ಮನೆಯ ಕಡೆ ಬರುವುದನ್ನು ಬಿಟ್ಟಿದ್ದಳು. ಕಳ್ಳ ಎನ್ನಿಸಿಕೊಂಡದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವಾಗಿತ್ತು. ಒಂದು ದಿನ ಅವನ ಹೆಂಡತಿ ರೇಗಿದಳು. “ಊರೆಲ್ಲ ಉಣ್ಣುತ್ತಿದೆ, ಹೆಸರು ಮಾತ್ರ ನಿಮ್ಮದು. ಕಳ್ಳನ ಪಟ್ಟವಂತೂ ಕಟ್ಟಿದ್ದಾಯಿತು, ಒಂದು ಹೊತ್ತಿನ ಸಾರಾದರೂ ಬೇಡವೇ?”

ಜವರಯ್ಯ ತೊಲೆಯಿಂದ ಬಲೆ ಇಳಿಸಿ ಹೆಗಲಿಗೆ ಹಾಕಿಕೊಂಡು ದಂಡೆಗೆ ಹೋದ. ಅವನನ್ನೇ ಕಾಯುತ್ತಿದ್ದ ಮುದ್ದಯ್ಯ ಹಿಂದಿನಿಂದ ಬಂದು ಹುಟ್ಟು ಕೈಗೆತ್ತಿಕೊಂಡ. “ನಡಿ ಭಾವ, ನಾನು ಹುಟ್ಟು ಹಾಕುತ್ತೇನೆ” ಎಂದ. ಪ್ರೀತಿ ಉಕ್ಕಿ ಬಂದದ್ದಲ್ಲ. ಕದ್ದವನಿಗೆ ಮೀನಿನ ಜಾಗ ಗೊತ್ತಿರುತ್ತದೆ, ಎಲ್ಲಿ ಬೀಸುತ್ತಾನೋ ನೋಡೋಣ ಎಂಬುದು ಅವನ ಲೆಕ್ಕ. ಜವರಯ್ಯನೂ ಬೇಡ ಎನ್ನಲಿಲ್ಲ. ನನಗೆ ಯಾವ ಜಾಗವೂ ಗೊತ್ತಿಲ್ಲ ಎಂಬುದನ್ನು ಇವನೇ ಕಣ್ಣಾರೆ ನೋಡಲಿ ಎಂದುಕೊಂಡ. ಒಂದೇ ಹರಿಗೋಲಿನಲ್ಲಿ ಇಬ್ಬರು ಎದುರು ಬದುರು ಕೂತು ಹೋದರು.

ಮಡುವಿನ ನಡುವೆ ಜವರಯ್ಯ ಬಲೆ ಬೀಸಿ ಎಳೆದ. ಕೆಸರು ಬಂತು, ಪಾಚಿ ಬಂತು. ಮೀನು ಬರಲಿಲ್ಲ.

“ಈಗಲಾದರೂ ನಂಬುತ್ತೀಯೇನೋ?” ಎಂದ.

“ಈಗ ಪೂರಾ ನಂಬಿದೆ ಭಾವ. ಇಷ್ಟು ಖಾಲಿಯಾಗಬೇಕಾದರೆ ನೀನು ಮೊದಲೇ ಅದೆಷ್ಟು ಬಾಚಿರಬೇಕು!” ಎಂದ ಮುದ್ದಯ್ಯ.

ಜವರಯ್ಯ ಬಲೆಯನ್ನು ಅಲ್ಲೇ ನೀರಿಗೆ ಬಿಟ್ಟು, ಹರಿಗೋಲಿನಿಂದ ಧುಮುಕಿ ಈಜಿಕೊಂಡು ದಂಡೆ ಸೇರಿದ. ಅವರಿಬ್ಬರೂ ಆಮೇಲೆ ಒಂದೇ ಹರಿಗೋಲು ಹತ್ತಲಿಲ್ಲ.

ಮುಂಗಾರು ಬಂತು. ಹೊಳೆಗೆ ಕೆಂಪು ನೀರು ಇಳಿಯಿತು. ಹೊಸನೀರು ಬಂದ ದಿನ ಊರಿಗೆ ಊರೇ ದಂಡೆಗೆ ಹೋಗಿ, ಮೀನು ಹತ್ತುವುದನ್ನು ನೋಡಿ, ಗಂಗಮ್ಮನಿಗೆ ಕೈಮುಗಿಯುವುದು ಅವರ ಪದ್ಧತಿ. ಆ ವರ್ಷವೂ ಹೋದರು. ಹೆಂಗಸರು ಅರಿಶಿನ ಕುಂಕುಮ ತಂದಿದ್ದರು. ಕಾದರು. ನೀರು ಬಂತು, ಕಸ ಬಂತು, ಮುರಿದ ಕೊಂಬೆ ಬಂತು. ಬಂಡೆಯ ಸಂದಿನಲ್ಲಿ ಒಂದೇ ಒಂದು ಮೀನೂ ಮೇಲಕ್ಕೆ ಹಾರಲಿಲ್ಲ. ಮುದ್ದಯ್ಯನ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ನಿಂತಿದ್ದಳು. “ಇದು ದೊಡ್ಡದಾದ ಮೇಲೆ ಏನು ತಿನ್ನಬೇಕು, ಹೇಳಿ!” ಎಂದು ಎಲ್ಲರ ಮುಂದೆ ಗೋಳೋ ಎಂದು ಅತ್ತಳು. ಅವಳ ಕಡೆಗೂ, ನೀರಿನ ಕಡೆಗೂ ಯಾರೂ ನೋಡುತ್ತಿರಲಿಲ್ಲ. ಕಳ್ಳ ಯಾರಿರಬಹುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ವರ್ಷಗಳು ಕಳೆದ ಮೇಲೆ ನಾನು ಆ ದಾರಿಯಲ್ಲಿ ಹೋದೆ. ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಗಂಡಸರು ಕಲ್ಲು ಹೊರುವ ಕೂಲಿಗೆ ಎಲ್ಲೆಲ್ಲಿಗೋ ಹೋಗಿದ್ದರು. ಮಡುವಿನ ದಂಡೆಯಲ್ಲಿ ಒಂದು ಗುಡಿಸಲು, ಅದರ ಮುಂದೆ ದೊಣ್ಣೆ ಹಿಡಿದು ಕೂತ ಒಬ್ಬ ಮನುಷ್ಯ. ಊರಿನವರು ಕಡೆಗೂ ಕಾವಲು ಹಾಕಿದ್ದರು. “ಏನಪ್ಪಾ, ಮೀನು ಕಾಯುತ್ತಿದ್ದೀಯಾ?” ಎಂದು ಕೇಳಿದೆ. “ಮೀನೆಲ್ಲಿ ಬಂತು ಬುದ್ಧಿ? ಕಳ್ಳನನ್ನು ಕಾಯುತ್ತಿದ್ದೇನೆ,” ಎಂದ. ಆಚೆ ದಡದಲ್ಲಿ ಇನ್ನೊಬ್ಬ ಕೂತಿದ್ದ. ಅವನು ಯಾರು ಎಂದೆ. “ಅವನೋ? ಅವನು ನನ್ನನ್ನು ಕಾಯುತ್ತಿದ್ದಾನೆ,” ಎಂದ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಕೈ ಇನ್ನೂ ಕೊಡಲಿಯ ಕಾವಿನ ಮೇಲೇ ಇತ್ತು. ಅವನಿಗೆ ತಡೆಯಲಾಗಲಿಲ್ಲ.

“ಅದೆಲ್ಲ ಸರಿ ಬುದ್ಧಿ. ಒಂದು ಮಾತು ಮಾತ್ರ ನಿಜ ಹೇಳಿಬಿಡಿ. ಆ ಜವರಯ್ಯ ಕದ್ದಿದ್ದನೋ ಇಲ್ಲವೋ?”

“ಆ ಮಡುವಿನಲ್ಲಿ ಈಗ ಉಳಿದಿರುವುದು ಆ ಪ್ರಶ್ನೆಯೊಂದೇ ಕಣಪ್ಪ,” ಎಂದರು ಗುರುಗಳು.

ಮರಿದೇವ ಕೊಡಲಿಯ ಕಾವಿನ ಮೇಲಿನ ಕೈ ತೆಗೆದ.