ರೇಸ್ ಕಾರಿನ ನಿಂಬೆಹಣ್ಣು

ದಾವಣಗೆರೆಯ ಬಕ್ಕೇಶಪ್ಪನವರು ಎಂಜಿನ್ ಆಯಿಲ್ ಮಾರುವ ಸಾಹುಕಾರರು. ಅವರಿಗೆ ಕಾರ್ ರೇಸಿನ ಜಾಹೀರಾತು ಬೇಕಿತ್ತು, ನಿಜವಾದ ಕಾರುಗಳ ಖರ್ಚು ಬೇಡವಾಗಿತ್ತು. ಹಾಗಾಗಿ ಗೋದಾಮಿನಲ್ಲಿ ಮಣ್ಣು ಹರಡಿ, ಗೇಣುದ್ದದ ರಿಮೋಟ್ ಕಾರುಗಳನ್ನು ಓಡಿಸಲು ಸಿದ್ಧತೆ ನಡೆಯಿತು. ಅವು ಬ್ಯಾಟರಿ ಕಾರುಗಳು, ಅವಕ್ಕೆ ಎಂಜಿನ್ ಆಯಿಲೇ ಬೇಕಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ಇನ್ನೇನು ಕ್ಯಾಮೆರಾ ಶುರುವಾಗಬೇಕು, ಸಾಹುಕಾರರು ತಡೆದರು.

"ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಗಾಡಿ ಬಿಡ್ತಾರೇನ್ರೀ? ಹಣ್ಣು ಅಪ್ಪಚ್ಚಿ ಆಗೋದು ಪರದೆ ಮೇಲೆ ಕಾಣ್ಬೇಕು. ಇಲ್ಲಾಂದ್ರೆ ನನಗೆ ಜಾಹೀರಾತೇ ಬೇಡ."

ಇಟ್ಟರು. ಕಾರು ಹಣ್ಣಿಗೆ ಗುದ್ದಿ ಅಂಗಾತ ಬಿತ್ತು. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ.

ಮಣ್ಣು ಜರಡಿ ಹಿಡಿದು ರಸ್ತೆ ಮಾಡಿದ್ದ ಸಾವಂತ್ರಮ್ಮ ಮುಂದೆ ಬಂದಳು. "ಸಾವ್ಕಾರ್ರೆ, ನೀವು ಒಳಗೆ, ಕ್ಯಾಮೆರಾದಾಗಿಂದು ಕಾಣೋ ಟೀವಿ ಮುಂದೆ ಕೂತ್ಕೊಳ್ರಿ. ಶಾಸ್ತ್ರ ನಾನು ಮಾಡಿಸ್ತೀನಿ."

ಅವರು ಅತ್ತ ಹೋದದ್ದೇ, ಪೂಜೆಗೆ ತಂದಿದ್ದ ಲಾಡು ಮುರಿದು, ಒಂದು ಬೂಂದಿಕಾಳು ತೆಗೆದು ಚಕ್ರದ ಮುಂದಿಟ್ಟಳು. ಕಾರು ಹತ್ತಿತು, ಪಾಕ ಚಿಮ್ಮಿತು. ಟೀವಿಯಲ್ಲಿ ಮಾತ್ರ ನಿಜವಾದ ಕಾರು, ನಿಜವಾದ ನಿಂಬೆಹಣ್ಣು.

ಸಾಹುಕಾರರು ಎದ್ದು ನಿಂತು ಟೀವಿಗೆ ಕೈಮುಗಿದರು. ಆಚೆ ಬಂದು, "ರಸ ಹೆಂಗೆ ಚಿಮ್ತು ನೋಡಿದ್ರಾ? ಇನ್ನು ನಮ್ಮ ಆಯಿಲ್‌ಗೆ ಎದುರಿಲ್ಲ" ಎಂದರು. ಆಮೇಲೆ ಗಂಭೀರವಾಗಿ ಕೇಳಿದರು, "ಆ ಹಣ್ಣನ್ನ ಯಾರೂ ತುಳೀಬಾರದು. ಎಲ್ಲಿ ಹಾಕಿದೆ?"

"ಯಾರೂ ತುಳಿಯಲ್ಲ ಬಿಡ್ರಿ" ಅಂದಳು ಸಾವಂತ್ರಮ್ಮ. "ಆಗ್ಲೇ ಒಂದು ಇರುವೆ ಹೊತ್ಕೊಂಡು ಹೋಯ್ತು."