ಬ್ಲೇಡು ತಾಗಿದ ಪುಟ

ತುಂಗಭದ್ರೆಯ ದಂಡೆಯಲ್ಲಿ ಕ್ರೈಸ್ತರ ಒಂದು ಪ್ರಾರ್ಥನಾಶ್ರಮ. ಹೆಸರಿಗೆ ಆಶ್ರಮ. ಇದ್ದದ್ದು ಎರಡು ಹೆಂಚಿನ ಕೋಣೆ, ಒಂದು ಮರದ ಶಿಲುಬೆ, ಮತ್ತೆ ದೀನಮ್ಮನವರ ಬಾಯಿ.

ದೀನಮ್ಮನವರು ಅಲ್ಲಿನ ಗುರು. ಶಿಷ್ಯರಿಗೆ ಅವರು ಹಾಕಿದ ಕಟ್ಟಳೆ ಒಂದೇ. ದಿನಾ ಪ್ರಾರ್ಥನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ದೇವರ ಹತ್ತಿರ ಕೇಳಿದ್ದು ಎಡಗಡೆ ಪುಟಕ್ಕೆ. ಆಮೇಲೆ ಏನಾಯಿತೋ ಅದು ಬಲಗಡೆ ಪುಟಕ್ಕೆ.

ನಾತಾನ ಎಂಬ ಶಿಷ್ಯ ಮೂರು ವರ್ಷ ತಪ್ಪದೆ ಬರೆದ. ಅವನಿಗೆ ಬೋಧಕನ ದೀಕ್ಷೆ ಕೊಡುವ ಮಾತು ನಡೆದಿತ್ತು. ಅದಕ್ಕೆ ಮೊದಲು ಭಾನುವಾರ ಸಭೆಯ ಮುಂದೆ ಅವನು ತನ್ನ ನೋಟ್‌ಬುಕ್ಕಿನಿಂದ ಓದಿ, ದೇವರು ತನಗೆ ಮಾಡಿದ್ದಕ್ಕೆ ಸಾಕ್ಷಿ ಹೇಳಬೇಕಿತ್ತು. ಕೇಳಲು ಪಟ್ಟಣದಿಂದ ಹಿರಿಯ ಪಾದ್ರಿ ಸೀಮೋನಯ್ಯನವರು ಬರುವವರಿದ್ದರು.

ಶನಿವಾರ ಬೆಳಿಗ್ಗೆ ಅವನು ನೋಟ್‌ಬುಕ್ಕನ್ನು ಗುರುವಿನ ಕೈಗಿಟ್ಟ.

“ಕೇಳಿದ್ದೆಲ್ಲ ಸಿಕ್ಕಿದೆಯೇನೋ?” ದೀನಮ್ಮ ಕೇಳಿದರು.

“ಒಂದೂ ತಪ್ಪಿಲ್ಲಮ್ಮ.”

“ಅಬ್ಬಾ. ನನಗೇ ಇಲ್ಲದ ಭಾಗ್ಯ.”

ಪುಟ ಮಗುಚುತ್ತಿದ್ದ ಅವರ ಹೆಬ್ಬೆರಳು ಒಂದು ಕಡೆ ನಿಂತಿತು. ಅಲ್ಲಿ ಕಾಗದ ತೆಳ್ಳಗಾಗಿತ್ತು. ಬ್ಲೇಡಿನಿಂದ ಕೆರೆದು ಮೇಲೆ ಬರೆದಿದ್ದ: ‘ಕರ್ತನೇ, ಅಕ್ಕನನ್ನು ನಿನ್ನ ವಿಶ್ರಾಂತಿಗೆ ಸೇರಿಸಿಕೋ.’ ಬಲಗಡೆ: ‘ನೀನು ಸೇರಿಸಿಕೊಂಡೆ. ಸ್ತೋತ್ರ.’

“ಇಲ್ಲಿ ಮೊದಲು ಏನಿತ್ತು?”

ನಾತಾನ ನೋಟ್‌ಬುಕ್ಕು ವಾಪಸ್ಸು ತಗೊಳ್ಳಲು ಕೈ ಚಾಚಿದ.

“ಏನಿತ್ತು ಅಂದೆ.”

“ಅಕ್ಕನ್ನ ಬದುಕಿಸು ಅಂತಿತ್ತು.”

“ಮತ್ತೆ ಯಾಕೆ ಕೆರೆದೆ?”

“ಅಕ್ಕ ಹೋಗಿಬಿಟ್ಟಳಲ್ಲಮ್ಮ. ಅದನ್ನ ಹಾಗೇ ಬಿಟ್ಟರೆ ದೇವರು ನನ್ನ ಮಾತು ಕೇಳಲಿಲ್ಲ ಅಂತ ಆಗುತ್ತೆ.”

“ಕೇಳಲಿಲ್ಲ ತಾನೇ?”

“ಹಾಗನ್ನಬಾರದು.”

“ದೇವರ ಮಾನ ಕಾಯೋಕೆ ನಿನ್ನ ಬ್ಲೇಡು ಬೇಕೇನೋ?”

ನಾತಾನನಿಗೆ ರೇಗಿಹೋಯಿತು. ಗುರುವಿನೆದುರು ಅವನು ದನಿ ಎತ್ತಿದ್ದು ಅದೇ ಮೊದಲು.

“ಇನ್ನೇನು ಮಾಡಬೇಕಿತ್ತು? ಹನ್ನೊಂದು ದಿನ ಮೊಣಕಾಲೂರಿ ಕೂತಿದ್ದೆ. ಅವಳ ಹಾಲುಗಲ್ಲದ ಮಗು ಅಳ್ತಾ ಇತ್ತು. ಆ ದೇವರಿಗೆ ಕೇಳಿಸಲೇ ಇಲ್ಲ. ಇದನ್ನ ಬರೀಲಾ?”

“ಬರಿ,” ಅಂದರು ದೀನಮ್ಮ, ಪೆನ್ನು ಮುಂದೆ ಹಿಡಿದು.

ಅವನು ಕಿತ್ತುಕೊಂಡು ಅದೇ ಪುಟದ ಕೆಳಗೆ ಬರೆದ. ಎಡಗಡೆ: ‘ಅಕ್ಕನ್ನ ಬದುಕಿಸು. ಬೇರೇನೂ ಬೇಡ.’ ಬಲಗಡೆ: ‘ನೀನು ಬದುಕಿಸಲಿಲ್ಲ. ನಾನು ಒಪ್ಪಿಲ್ಲ.’

ಬರೆದು ಪೆನ್ನು ಕೆಳಗಿಟ್ಟ. ಅಕ್ಕ ಹೋಗಿ ವರ್ಷವಾದರೂ ಬಾರದ ಅಳು ಆಗ ಬಂತು. ದೀನಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಅಳುವಷ್ಟು ಅಳಲಿ ಎಂದು ಕೂತರು.

“ಇದು ದೈವನಿಂದೆ ಅಲ್ಲವೇನಮ್ಮ?” ಅವನು ಕಣ್ಣೊರೆಸಿಕೊಂಡು ಕೇಳಿದ.

“ಶಿಲುಬೆ ಮೇಲಿಂದ ದೇವರ ಮಗನೇ ತಂದೆಯನ್ನ ಯಾಕೆ ಕೈಬಿಟ್ಟೆ ಅಂತ ಕೇಳಿದ. ಆ ಮಾತನ್ನ ಯಾರೂ ಗ್ರಂಥದಿಂದ ಕೆರೆದು ಹಾಕಲಿಲ್ಲ.”

“ನಾಳೆ ಇದನ್ನ ಓದಿದರೆ ದೀಕ್ಷೆ ತಪ್ಪುತ್ತೆ.”

“ತಪ್ಪಬಹುದು.”

“ಓದಲಾ, ಬೇಡವಾ?”

“ನೋಟ್‌ಬುಕ್ಕು ನಿನ್ನದು,” ಎಂದು ದೀನಮ್ಮ ಕೊಡ ತಗೊಂಡು ಹೊಳೆಗಿಳಿದರು.

ಭಾನುವಾರ ಸಭೆ ತುಂಬಿತ್ತು. ಸೀಮೋನಯ್ಯನವರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾತಾನ ನಿಂತು, ಸಿಕ್ಕಿದ ಉತ್ತರಗಳನ್ನೆಲ್ಲ ಓದಿದ. ಜನ ತಲೆದೂಗಿದರು. ಆಮೇಲೆ ಅವನು ಆ ಪುಟ ತೆರೆದ. ಎಡಗಡೆಯದನ್ನೂ ಓದಿದ, ಬಲಗಡೆಯದನ್ನೂ ಓದಿದ.

ಯಾರೂ ಆಮೆನ್ ಅನ್ನಲಿಲ್ಲ.

ಹಿಂದೆ ಗೋಡೆಗೊರಗಿ ಒಬ್ಬ ಹೆಂಗಸು ಕೂತಿದ್ದಳು. ಹೋದ ತಿಂಗಳಷ್ಟೇ ಗಂಡನನ್ನು ಮಣ್ಣು ಮಾಡಿ ಬಂದವಳು. ಅವಳು ಎದ್ದು ನಿಂತು ಕೇಳಿದಳು:

“ತಮ್ಮಾ, ಆ ಕೊನೇದು ಇನ್ನೊಂದು ಸಲ ಓದಪ್ಪ.”

“ಓದೋದು ಬೇಡ,” ಸೀಮೋನಯ್ಯನವರು ಗದರಿದರು. “ದೇವರಿಗೆ ಎದುರುತ್ತರ ಕೊಡೋದನ್ನ ಸಾಕ್ಷಿ ಅಂತಾರಾ? ಮೊದಲು ಆ ಪುಟ ಹರಿದು ಹಾಕು. ದೀಕ್ಷೆ ಮಾತು ಆಮೇಲೆ.”

ಮೂರು ವರ್ಷ ನಾತಾನ ಕಾದದ್ದು ಆ ದೀಕ್ಷೆಗೇ. ಅವನು ನೋಟ್‌ಬುಕ್ಕನ್ನು ಎದೆಗವಚಿಕೊಂಡ.

“ಹರಿಯಲ್ಲ, ಅಯ್ಯನವರೇ.”

ಆಮೇಲೆ ಆ ಹೆಂಗಸಿನ ಕಡೆ ತಿರುಗಿ ಇನ್ನೊಂದು ಸಲ ಓದಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು.

ಸೀಮೋನಯ್ಯನವರು ದೀನಮ್ಮನವರನ್ನು ನೋಡಿದರು. “ನೀವು ಗುರುಗಳು. ನೀವೇ ಇಸಕೊಂಡು ಹರಿದು ಹಾಕಿ.”

ದೀನಮ್ಮ ಚಾಪೆಯಿಂದ ನಿಧಾನವಾಗಿ ಎದ್ದರು.

“ಅದು ನನಗೆ ಬರೆದದ್ದಲ್ಲ ಅಯ್ಯನವರೇ, ನಿಮಗೂ ಬರೆದದ್ದಲ್ಲ. ಯಾರಿಗೆ ಬರೆದಿದ್ದಾನೋ ಅವನೇ ಬಂದು ಹರೀಲಿ.”