ನೀಲಿ ಹೂವಿನ ಪಾತ್ರೆ

ತುಂಗಭದ್ರೆಯ ದಂಡೆಯಲ್ಲಿದ್ದ ಗುರು ಅಡವಯ್ಯನಿಗೆ ಒಬ್ಬ ವಿದೇಶಿ ಭಕ್ತ ವಿಮಾನದ ಟಿಕೆಟ್ ಕಳಿಸಿದ. ಒಂದಲ್ಲ, ಎರಡು. ಎರಡನೆಯದು ಶಿಷ್ಯ ಪಂಪಣ್ಣನಿಗೆ.

ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಇಬ್ಬರೂ ಯುರೋಪಿನಲ್ಲಿ ನಡೆದರು. ಎಷ್ಟು ನಡೆದರೆಂದರೆ, ಮೊದಲು ಚಪ್ಪಲಿ ಸವೆದು ಮುಗಿಯಿತು, ಆಮೇಲೆ ದಾರಿಯೇ ಸವೆಯತೊಡಗಿತು.

"ನಡಿಗೆ ಮುಗಿದ ದಿನ ನಿನಗೆ ದೀಕ್ಷೆ," ಎಂದಿದ್ದ ಗುರು.

ಆ ಮಾತಿಗಾಗಿ ಪಂಪಣ್ಣ ಮೀಸೆ ಮೂಡುವ ಮುಂಚಿನಿಂದ ಕಾದಿದ್ದ. ಅಳುಕು ಒಂದೇ. ಇನ್ನೊಬ್ಬರ ಋಣ ಇಟ್ಟುಕೊಂಡವನು ದೀಕ್ಷೆಗೆ ಕೂರಬಾರದು ಎಂಬುದು ಅವನ ನಂಬಿಕೆ. ಹಾಗಾಗಿ ಯಾರು ಏನು ಕೊಟ್ಟರೂ ಅಲ್ಲಿಂದಲ್ಲಿಗೇ ತೀರಿಸಿಬಿಡುತ್ತಿದ್ದ. ದಾರಿ ತೋರಿಸಿದವನ ಸೈಕಲ್ಲು ಒರೆಸಿಕೊಟ್ಟ. ನೀರು ಕೊಟ್ಟವಳ ಅಂಗಳ ಗುಡಿಸಿದ.

ಆಲ್ಪ್ಸ್ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಊರು ಸಿಕ್ಕಿತು. ಚೊಕ್ಕಟ ಎಂದರೆ ಅಂಥಿಂಥ ಚೊಕ್ಕಟವಲ್ಲ, ಇರುವೆಗಳು ಕಾಲು ಒರೆಸಿಕೊಂಡು ಬೀದಿ ದಾಟುತ್ತಿದ್ದವು. ಕಿಟಕಿ ಕಿಟಕಿಗೂ ಹೂವು. ಇನ್ನು ಊರಿನ ಮೌನವೋ, ಗೋಪುರದ ಗಡಿಯಾರ ಕೂಡ ಗಂಟೆ ಬಾರಿಸುವ ಮೊದಲು ಮೆಲ್ಲಗೆ ಕೆಮ್ಮಿ ಅಪ್ಪಣೆ ಕೇಳುತ್ತಿತ್ತು.

"ಗುರುವೇ, ಈ ಜನ ವಿಚಿತ್ರ," ಎಂದ ಪಂಪಣ್ಣ. "ಯಾವೂರು, ಎಷ್ಟು ಮಕ್ಕಳು, ಊಟ ಆಯ್ತಾ, ಒಬ್ಬರಾದರೂ ಕೇಳಬೇಕಲ್ಲ?"

"ಊಟ ಆಯ್ತಾ ಅಂತ ಕೇಳಿದ್ದರೆ ಏನಂತಿದ್ದೆ?"

"ಆಯ್ತು ಅಂತಿದ್ದೆ."

"ಆಗಿದೆಯಾ?"

"ಇಲ್ಲ."

"ಹಂಗಾದರೆ ನಿನಗೊಂದು ಸುಳ್ಳು ಉಳಿಸಿಕೊಟ್ಟರು. ನಡಿ ಮುಂದೆ."

ಆವತ್ತೇ ಮಳೆ ಹಿಡಿಯಿತು. ನೆಂದ ಪಂಪಣ್ಣನಿಗೆ ಜ್ವರ ಬಂತು. ನಡೆದು ಬರುವವರಿಗೆಂದು ಊರವರು ಬಿಟ್ಟಿದ್ದ ಒಂದು ಕೋಣೆಯಲ್ಲಿ ಬಿದ್ದುಕೊಂಡ. ಅವನ ಮೈ ಎಷ್ಟು ಕಾದಿತ್ತೆಂದರೆ, ಗುರು ಒದ್ದೆ ಪಂಚೆಯನ್ನು ಅವನ ಪಕ್ಕದಲ್ಲೇ ಹರವಿ ಒಣಗಿಸಿಕೊಂಡ.

ಎದುರು ಮನೆಯ ಮುದುಕಿ ಗೆರ್ಟಿ ಕಿಟಕಿಯಿಂದ ಇದನ್ನು ಕಂಡಳು. ನೀಲಿ ಹೂವಿನ ಚಿತ್ರವಿದ್ದ ಮುಚ್ಚಳದ ಪಾತ್ರೆಯಲ್ಲಿ ಬಿಸಿ ತರಕಾರಿ ಸಾರು ತಂದಳು. ಹೊಸ್ತಿಲ ಮೇಲಿಟ್ಟು, ಬೆರಳ ತುದಿಯಲ್ಲಿ ಬಾಗಿಲು ತಟ್ಟಿ, ಹೋಗಿಬಿಟ್ಟಳು.

ಎದ್ದ ಮೇಲೆ ಕೇಳಿ ಪಂಪಣ್ಣನಿಗೆ ನೋವಾಯಿತು. "ಹೊಸ್ತಿಲಲ್ಲಿ ಇಟ್ಟು ಹೋದಳಾ? ನಾನೇನು ನಾಯಿಯೇ? ನಮ್ಮ ಕಡೆ ಆಗಿದ್ದರೆ ಎದುರಿಗೇ ಕೂತು, ಇನ್ನೊಂಚೂರು ಇನ್ನೊಂಚೂರು ಅಂತ ಬಡಿಸಿ, ಬೇಡ ಅಂದರೆ ಬೈದು ಉಣ್ಣಿಸೋರು."

"ನೀನು ಮಲಗಿದ್ದೆ. ನಿನ್ನ ನಿದ್ದೆಗೂ ಬಡಿಸಿ ಹೋದಳು. ಕುಡಿ."

ಕುಡಿದ. ಮೈ ಬೆವರಿತು. ಬೆಳಗಾಗುವಷ್ಟರಲ್ಲಿ ಜ್ವರ ಊರು ಬಿಟ್ಟು ಬೆಟ್ಟ ಹತ್ತಿತ್ತು.

ಆದರೆ ಪಂಪಣ್ಣನಿಗೆ ಬೇರೆ ಜ್ವರ ಶುರುವಾಯಿತು. "ಪಾತ್ರೆ ವಾಪಸ್ ಕೊಡಬೇಕು."

"ಕೊಡು."

"ಖಾಲಿ ಕೊಡೋದಾ? ಪಕ್ಕದ ಮನೆ ಪಾತ್ರೇನ ನಮ್ಮವ್ವ ಒಂದು ದಿನಕ್ಕೂ ಖಾಲಿ ಕೊಟ್ಟೋಳಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕೋಳು."

ಚೀಲ ತಡಕಾಡಿದ. ಊರಿಂದ ತಂದ ಶೇಂಗಾ ಚಟ್ನಿಪುಡಿ ಮಳೆಗೆ ನೆಂದು, ಬೂಸ್ಟು ಹಿಡಿದು, ಗುರುವಿಗಿಂತ ಉದ್ದ ಗಡ್ಡ ಬಿಟ್ಟಿತ್ತು.

ಬೀದಿಗೆ ಬಂದ. ಬೀದಿಯ ಮೇಲಕ್ಕೆ ಚಾಚಿದ್ದ ಒಂದು ಕೊಂಬೆಯ ತುಂಬ ಸೇಬು. ಮುಳ್ಳಿಲ್ಲ, ಬೇಲಿಯಿಲ್ಲ, ಬೊಗಳುವ ನಾಯಿಯಿಲ್ಲ, ಬೈಯುವ ಮುದುಕನಿಲ್ಲ. ಕಾವಲಿಲ್ಲದ ಹಣ್ಣನ್ನು ಪಂಪಣ್ಣ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇದು ಯಾರದೂ ಅಲ್ಲ ಎಂದುಕೊಂಡ. ಪಾತ್ರೆ ತುಂಬ ಕಿತ್ತು, ಎದೆಯುಬ್ಬಿಸಿ, ಗೆರ್ಟಿಯ ಬಾಗಿಲು ತಟ್ಟಿದ.

ಗೆರ್ಟಿ ಮುಚ್ಚಳ ತೆಗೆದಳು. ಸೇಬು ನೋಡಿದಳು. ಪಂಪಣ್ಣನನ್ನು ನೋಡಿದಳು. ಮತ್ತೆ ಸೇಬು ನೋಡಿ ನಕ್ಕಳು ನೋಡಿ, ಬೆಟ್ಟದ ತಲೆಯ ಮೇಲಿನ ಹಿಮ ಒಂದಿಷ್ಟು ಜಾರಿತು! ಅವನ ಮುಂಗೈ ಹಿಡಿದು ಮನೆಯ ಮಗ್ಗುಲಿಗೆ ಕರೆದೊಯ್ದಳು.

ಅಲ್ಲಿತ್ತು ಮರದ ಬುಡ. ಅವಳದೇ ಅಂಗಳ. ಅವಳದೇ ಮರ.

ಪಂಪಣ್ಣ ತಲೆ ತಗ್ಗಿಸಿ ಕೋಣೆಗೆ ಬಂದ.

"ಋಣ ತೀರಿತಾ?" ಎಂದ ಗುರು.

"ಕಳ್ಳತನ ಬೇರೆ ಸೇರಿಕೊಂತು."

ಸಂಜೆ ಬಾಗಿಲಲ್ಲಿ ಮತ್ತೆ ಮೆಲ್ಲಗೆ ಸದ್ದಾಯಿತು. ಹೊಸ್ತಿಲ ಮೇಲೆ ಅದೇ ಪಾತ್ರೆ. ಮುಚ್ಚಳ ತೆಗೆದರೆ ಅವೇ ಸೇಬು, ಬೆಂದು ಕೇಕಾಗಿ, ಚಕ್ಕೆಯ ಘಮ ಹೊತ್ತು ಕೂತಿದ್ದವು.

"ಅಯ್ಯೋ, ಮತ್ತೆ ತುಂಬಿ ಬಂತು!" ಪಂಪಣ್ಣ ಹಣೆ ಬಡಿದುಕೊಂಡ. "ನಾಳೆಗೆ ನಡಿಗೆ ಮುಗೀತದೆ. ಈ ಋಣ ಹೊತ್ತು ದೀಕ್ಷೆಗೆ ಹೆಂಗೆ ಕೂರಲಿ? ನಾನಂತೂ ಇದನ್ನ ಮುಟ್ಟಲ್ಲ."

ಗುರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ಬೆಣ್ಣೆ ಚೆನ್ನಾಗಿ ಬಿದ್ದಿದೆ."

"ಗುರುವೇ!"

"ನೀನು ಮುಟ್ಟದಿದ್ದರೆ ಅವಳ ಒಲೆ ಉರಿದಿಲ್ಲ ಅಂತಾಗುತ್ತಾ? ತಿನ್ನು."

ಪಂಪಣ್ಣ ತಿಂದ. ಎರಡನೇ ತುಂಡು ಕೈಯಲ್ಲಿ ಹಿಡಿದು ಎದುರು ಮನೆಯ ಕಿಟಕಿಯತ್ತ ನೋಡಿದ. ಈ ಮುದುಕಿ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ತನ್ನ ಮರಕ್ಕೆ ಕೈ ಹಾಕಿದವನನ್ನು ಯಾಕೆ ಎಂದೂ ಕೇಳಲಿಲ್ಲ. ಕಣ್ಣು ತುಂಬಿ ಬಂತು. ಗುರು ಬೇರೆ ಕಡೆ ನೋಡುತ್ತ ಇನ್ನೊಂದು ತುಂಡು ಮುರಿದ.

ಬೆಳಿಗ್ಗೆ ಗುರು ಪಾತ್ರೆಯನ್ನು ಊರ ಹೊಳೆಯಲ್ಲಿ ತೊಳೆದು, ಪಂಚೆಯ ಸೆರಗಿನಿಂದ ಒರೆಸಿ, ಶಿಷ್ಯನ ಕೈಗಿಟ್ಟ.

"ಇದಕ್ಕೆ ಏನು ಹಾಕಲಿ?" ಎಂದ ಪಂಪಣ್ಣ.

"ಏನೂ ಬೇಡ. ಹಿಂಗೇ ಕೊಡು."

"ನಾಚಿಕೆ ಆಗುತ್ತೆ, ಗುರುವೇ."

"ಅದನ್ನೇ ಕೊಡು. ಅದೊಂದು ಅವಳ ಮರದಲ್ಲಿ ಬಿಡಲ್ಲ."

ಪಂಪಣ್ಣ ಹೋದ. ಬಾಗಿಲು ತೆರೆದ ಗೆರ್ಟಿಗೆ ಎರಡೂ ಕೈಯಲ್ಲಿ ಪಾತ್ರೆ ಚಾಚಿದ. "ಏನೂ ತಂದಿಲ್ಲ, ಅವ್ವಾ," ಎಂದ ಕನ್ನಡದಲ್ಲೇ.

ಅವಳು ಪಾತ್ರೆಯೊಳಗೆ ನೋಡಲೂ ಇಲ್ಲ. ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗೈಯನ್ನು ಅವನ ಹಣೆಗಿಟ್ಟಳು. ಜ್ವರ ಇರಲಿಲ್ಲ. ಸಮಾಧಾನವಾಗಿ ತಲೆಯಾಡಿಸಿದಳು.

ಪಂಪಣ್ಣ ಹೊಳೆಯ ದಂಡೆಗೆ ವಾಪಸು ಬಂದ. ಗುರು ಕಲ್ಲಿನ ಮೇಲೆ ಕೂತಿದ್ದ.

"ಕೊಟ್ಟೆಯಾ?"

"ಕೊಟ್ಟೆ. ಅವಳು ಹಣೆ ಮುಟ್ಟಿ ನೋಡಿದಳು." ಪಂಪಣ್ಣ ತನ್ನ ಹಣೆ ಮುಟ್ಟಿಕೊಂಡ. "ಇನ್ನು ಏಳು ಜನ್ಮ ಎತ್ತಿದರೂ ತೀರಿಸೋಕಾಗಲ್ಲ, ಗುರುವೇ. ನನಗೆ ದೀಕ್ಷೆ ಇಲ್ಲ, ಅಲ್ವಾ?"

ಗುರು ಎದ್ದು ಚೀಲವನ್ನು ಬೆನ್ನಿಗೇರಿಸಿದ.

"ತೀರಿಸಿ ಬಂದಿದ್ದರೆ ಇರುತ್ತಿರಲಿಲ್ಲ."